ರಿಪ್ಪನ್‌ಪೇಟೆಯ ಸೊಸೆಗೆ ಪ್ರವಾಸಿಯ ವೀಸಾ

ಶಿವಮೊಗ್ಗೆಯಿಂದ ಆಯನೂರಿನ ಮೂಲಕ ಹೊಸನಗರದ ಕಡೆಗೆ ಸಾಗುವ ಬಸ್ಸಿನಲ್ಲಿ ಕುಳಿತವರಿಗೆ, ಬಯಲು ಹಿಂದೆ ಸರಿದು ಕಾಡು ದಟ್ಟವಾಗತೊಡಗಿದ ಮೇಲೆ ನಾಲ್ಕು ದಾರಿ ಕೂಡುವ ಒಂದು ಪೇಟೆ ಎದುರಾಗುತ್ತದೆ. ಅಲ್ಲಿಂದ ಒಂದು ದಾರಿ ಸಾಗರಕ್ಕೆ, ಒಂದು ಹೊಸನಗರಕ್ಕೆ, ಒಂದು ತೀರ್ಥಹಳ್ಳಿಗೆ. ನಾಲ್ಕನೆಯದು ನಾವು ಬಂದ ದಾರಿ. ಇದೇ ರಿಪ್ಪನ್‌ಪೇಟೆ. ಅರಸಾಳು, ಹುಂಚ, ಕೋಡೂರು ಎಂದು ಸುತ್ತಣ ಊರುಗಳೆಲ್ಲ ಈ ಮಣ್ಣಿನ ಹೆಸರುಗಳನ್ನೇ ಹೊತ್ತು ನಿಂತಿರುವಾಗ ನಟ್ಟನಡುವೆ ಇದೊಂದು ಊರು ಮಾತ್ರ ಪರದೇಶಿಯೊಬ್ಬನ ಹೆಸರನ್ನು ಧರಿಸಿದೆ. 1880ರಿಂದ 1884ರವರೆಗೆ ಹಿಂದೂಸ್ಥಾನದ ವೈಸರಾಯ್ ಆಗಿದ್ದ ಲಾರ್ಡ್ ರಿಪ್ಪನ್ನನ ಹೆಸರಿದು ಎಂದು ಊರವರು ಹೇಳುತ್ತಾರೆ. ಐವತ್ತು ವರ್ಷಗಳ ಕಮಿಷನರುಗಳ ಆಳ್ವಿಕೆ ಮುಗಿದು 1881ರ ಮಾರ್ಚ್ 25ರಂದು ಮೈಸೂರು ಸಂಸ್ಥಾನವು ಹತ್ತನೆಯ ಚಾಮರಾಜೇಂದ್ರ ಒಡೆಯರ ಕೈಗೆ ಮರಳಿದ್ದು ಈತನ ಕಾಲದಲ್ಲಿಯೇ. ಆ ಕೃತಜ್ಞತೆಯಿಂದಲೋ ಏನೋ, ಹೆಸರು ನಿಂತುಬಿಟ್ಟಿತು. ಇಂಗ್ಲೆಂಡಿನ ಹೆಸರೊಂದು ಯಾವ ರಹದಾರಿಯೂ ಇಲ್ಲದೆ ಮಲೆನಾಡಿಗೆ ಬಂದು, ಕನ್ನಡದ 'ಪೇಟೆ'ಯೊಡನೆ ಕೂಡಿ ಸಂಸಾರ ಹೂಡಿ ನೂರು ವರ್ಷಕ್ಕೂ ಮಿಕ್ಕಿದೆ. ಇಂದು ಅದನ್ನು ಯಾರೂ ಪರಕೀಯವೆಂದು ಎಣಿಸುವುದಿಲ್ಲ.

2025ರ ಕಾರ್ತಿಕದಲ್ಲಿ ನಾವು ಈ ಊರಿಗೆ ಹೋದದ್ದು ಒಂದು ಮನೆಯ ಕರೆಯ ಮೇರೆಗೆ. ಆ ಮನೆಯ ಯಜಮಾನರು ನಮ್ಮ ಬಾಲ್ಯದ ಸಹಪಾಠಿಗಳು. ಮಠದ ಉಚಿತ ಪ್ರಸಾದ ನಿಲಯದಲ್ಲಿ ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಚಾಪೆಯ ಮೇಲೆ ಮಲಗಿ ಬೆಳೆದವರು ನಾವು. ಮುಂದೆ ಅವರು ತೋಟದ ಕಡೆಗೆ ಹೋದರು, ನಾವು ಸಂಸ್ಕೃತ ಪಾಠಶಾಲೆಯ ಕಡೆಗೆ. ಮನೆಯವರು ಕೇಳಿಕೊಂಡಿರುವುದರಿಂದ ಇಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ಗೌಡರು ಎಂದಷ್ಟೇ ಕರೆಯುತ್ತೇವೆ. ಗೌಡರು ಈಗಿಲ್ಲ. 2021ರ ಸಂಕ್ರಾಂತಿ ಕಳೆದ ನಾಲ್ಕನೆಯ ದಿನ ಲಿಂಗೈಕ್ಯರಾದರು. ಅವರು ಕಡೆಯ ದಿನಗಳಲ್ಲಿ ಬಯಸಿದ ಒಂದು ಸಣ್ಣ ವಿಷಯ ನಡೆಯದೆ ಹೋಯಿತು. ಅದರಲ್ಲಿ ನಮ್ಮ ತಪ್ಪೂ ಸೇರಿದೆ. ಆ ಕಾರಣದಿಂದಲೇ ಈ ಬರಹ.

ಗೌಡರ ಒಬ್ಬನೇ ಮಗ ಇಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದವನು. 2018ರಲ್ಲಿ ಅಲ್ಲಿಯ ಕನ್ಯೆಯೊಬ್ಬಳನ್ನು ಅಲ್ಲಿಯ ಜಿಲ್ಲಾ ಕಚೇರಿಯಲ್ಲಿ ನೋಂದಾಯಿತ ವಿವಾಹವಾದನು. ಅವನು ಇಂದಿಗೂ ಭಾರತದ ಪ್ರಜೆ. ಅವಳು ಅಮೆರಿಕದ ಪ್ರಜೆ. ಸುದ್ದಿ ಕೇಳಿ ಊರಲ್ಲಿ ನಾಲ್ಕು ಮಾತು ಬಂದವು. ಗೌಡರು ಒಂದು ವಾರ ಮೌನವಾಗಿದ್ದು, ಆಮೇಲೆ ನಮಗೆ ಫೋನ್ ಮಾಡಿ, "ಶಾಸ್ತ್ರೀ, ನಮ್ಮ ಊರ ಹೆಸರೇ ಅವರ ಕಡೆಯದಲ್ಲವೇನೋ, ಸೊಸೆ ಬಂದರೇನು?" ಎಂದು ನಕ್ಕುಬಿಟ್ಟರು. ಅಲ್ಲಿಗೆ ಊರಿನ ಮಾತೂ ಮುಗಿಯಿತು.

ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ದಿನ 2019ರ ಡಿಸೆಂಬರಿಗೆ ನಿಶ್ಚಯವಾಯಿತು. ಆಗ ಎದುರಾದದ್ದು ವೀಸಾ. 2014ರ ನವೆಂಬರಿನಲ್ಲಿ ನಮ್ಮ ಸರ್ಕಾರವು ಗಣಕಯಂತ್ರದ ಮೂಲಕವೇ ಪ್ರವಾಸಿಗರಿಗೆ ಪ್ರವೇಶಾನುಮತಿ ನೀಡುವ ಪದ್ಧತಿಯನ್ನು ಆರಂಭಿಸಿತು. ಮುಂದೆ ಇದಕ್ಕೆ ಇ-ಟೂರಿಸ್ಟ್ ವೀಸಾ ಎಂಬ ಹೆಸರಾಯಿತು. 2019ರಲ್ಲಿ ಐದು ವರ್ಷಗಳ ಅವಧಿಯದೂ ಬಂದಿತು. ರಾಯಭಾರ ಕಚೇರಿಯ ಬಾಗಿಲಲ್ಲಿ ನಿಲ್ಲಬೇಕಿಲ್ಲ. ಪಾಸ್‌ಪೋರ್ಟಿನ ಮೊದಲ ಪುಟದ ನಕಲು, ಬಿಳಿಯ ಹಿನ್ನೆಲೆಯ ಚೌಕಾಕಾರದ ಒಂದು ಭಾವಚಿತ್ರ, ಕನಿಷ್ಠ ಆರು ತಿಂಗಳು ಚಾಲ್ತಿಯಲ್ಲಿರುವ ಪಾಸ್‌ಪೋರ್ಟು, ಹಣ ಪಾವತಿ. ಇಷ್ಟಿದ್ದರೆ ಸಾಕು, ಕೆಲವೇ ದಿನಗಳಲ್ಲಿ ಅನುಮತಿಪತ್ರ ಕೈಸೇರುತ್ತದೆ. ಅದನ್ನು ಹಿಡಿದು ಗೊತ್ತುಪಡಿಸಿದ ವಿಮಾನ ನಿಲ್ದಾಣಗಳಲ್ಲಿ ಇಳಿಯಬಹುದು. ನಮ್ಮ ಬೆಂಗಳೂರೂ ಮಂಗಳೂರೂ ಆ ಪಟ್ಟಿಯಲ್ಲಿವೆ.

ಅರ್ಜಿಯ ನಮೂನೆ ಮಾತ್ರ ಉದ್ದವಾದದ್ದು. ತಂದೆ ತಾಯಿಯರ ಹೆಸರು, ಅವರು ಹುಟ್ಟಿದ ಊರು, ಅವರಿಗಾಗಲಿ ಅಜ್ಜ ಅಜ್ಜಿಯರಿಗಾಗಲಿ ಪಾಕಿಸ್ತಾನದ ಸಂಬಂಧವಿದೆಯೇ ಎಂಬ ಪ್ರಶ್ನೆ, ಧರ್ಮ, ವಿದ್ಯೆ, ಮೈಮೇಲಿನ ಗುರುತು, ಹತ್ತು ವರ್ಷಗಳಲ್ಲಿ ಸುತ್ತಿದ ದೇಶಗಳು, ಭಾರತದಲ್ಲಿ ಪರಿಚಯವಿರುವವರ ವಿಳಾಸ. ಗಂಡನ ಹೆಸರು, ರಾಷ್ಟ್ರೀಯತೆ, ಹುಟ್ಟಿದ ಸ್ಥಳ ಎಂಬ ಅಂಕಣವೂ ಉಂಟು. ಅಲ್ಲಿ ಸೊಸೆಯು ರಿಪ್ಪನ್‌ಪೇಟೆ ಎಂದು ಬರೆಯಬೇಕಾಯಿತು. ಈ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನಾಲ್ಕು ಬಗೆಯಾಗಿ ಬರೆಯುವವರಿದ್ದಾರೆ. ಮಗನ ಪಾಸ್‌ಪೋರ್ಟಿನಲ್ಲಿ ಒಂದು ಬಗೆ, ಶಾಲೆಯ ದಾಖಲೆಯಲ್ಲಿ ಇನ್ನೊಂದು, ಮದುವೆಯ ಪತ್ರದಲ್ಲಿ ಮತ್ತೊಂದು. ಅಂದು ಇದನ್ನು ನೆನೆದು ಮನೆಯವರೆಲ್ಲ ನಕ್ಕಿದ್ದರು. ಟೂರಿಸ್ಟ್ ವೀಸಾಕ್ಕೆ ಮದುವೆಯ ಪತ್ರವನ್ನು ಯಾರೂ ಕೇಳುವುದಿಲ್ಲವಾದ್ದರಿಂದ ಆ ವ್ಯತ್ಯಾಸ ಅಡ್ಡ ಬರಲಿಲ್ಲ. ಐದು ವರ್ಷದ ವೀಸಾ ಬಂದಿತು.

ಆಗಲೇ ಒಬ್ಬರು, ಅಮೆರಿಕದಲ್ಲಿರುವ ಮಗನ ಸ್ನೇಹಿತರು, ಹೇಳಿದ್ದರಂತೆ: ಭಾರತೀಯ ಪ್ರಜೆಯ ಹೆಂಡತಿಗೆ ಎಂಟ್ರಿ ವೀಸಾ ಎಂಬ ಬೇರೆ ವರ್ಗವೇ ಇದೆ, ಅದನ್ನು ಪಡೆಯುವುದು ಲೇಸು, ಎಂದು. ಟೂರಿಸ್ಟ್ ವೀಸಾ ಎಂಬುದು ತಾಣಗಳನ್ನು ನೋಡಲು, ಮನರಂಜನೆಗೆ, ಬಂಧುಮಿತ್ರರನ್ನು ಸಾಂದರ್ಭಿಕವಾಗಿ ಕಂಡುಹೋಗಲು ಕೊಡುವಂಥದ್ದು. ಗಂಡನ ಮನೆಗೆ ನಾಲ್ಕು ವಾರ ಬಂದುಹೋಗುವುದಕ್ಕೆ ಅದು ಸಾಕಾಗುತ್ತದೆ, ಅದರಲ್ಲಿ ಅಕ್ರಮವೇನೂ ಇಲ್ಲ. ಎಂಟ್ರಿ ವೀಸಾಕ್ಕೆ ಮದುವೆಯ ಪತ್ರ ಬೇಕು, ಗಂಡನ ಪಾಸ್‌ಪೋರ್ಟಿನ ನಕಲು ಬೇಕು, ಕಾಗದಗಳನ್ನು ಕಳುಹಿಸಿ ಕಾಯಬೇಕು. ಸುಲಭವಾದದ್ದು ಕೈಯಲ್ಲಿರುವಾಗ ಕಷ್ಟದ್ದನ್ನು ಯಾರು ಹಿಡಿಯುತ್ತಾರೆ? ಮಗನೂ ಹಿಡಿಯಲಿಲ್ಲ.

ಸೊಸೆ ಬಂದಳು. ಹೊಸ್ತಿಲಲ್ಲಿ ಅಕ್ಕಿ ತುಂಬಿದ ಸೇರನ್ನು ಬಲಗಾಲಿನಿಂದ ಸರಿಸಿ ಒಳಗೆ ಬಂದಳು. ಗೌಡರ ಕಾಲಿಗೆ ನಮಸ್ಕರಿಸಿದಳು. ಮರುದಿನ ಬೆಳಿಗ್ಗೆ ಠಾಣೆಯಿಂದ ಪೇದೆಯೊಬ್ಬರು ಬಂದು, ಮನೆಯಲ್ಲಿ ವಿದೇಶೀಯರು ಉಳಿದಿದ್ದರೆ 24 ಗಂಟೆಗಳೊಳಗೆ ತಿಳಿಸಬೇಕೆಂಬ ನಿಯಮವನ್ನು ಮರ್ಯಾದೆಯಿಂದಲೇ ನೆನಪಿಸಿದರು. ಅಮ್ಮನವರಿಗೆ ಇದು ವಿಚಿತ್ರವೆನಿಸಿತು. "ಅದು ಲಾಡ್ಜಿನವರಿಗಲ್ಲವೇನಪ್ಪಾ? ಇವಳು ನಮ್ಮ ಸೊಸೆ" ಎಂದರು. ಪೇದೆ, "ಹೌದು ಅಮ್ಮಾ, ಆದರೆ ವೀಸಾದಲ್ಲಿ ಟೂರಿಸ್ಟ್ ಅಂತ ಇದೆಯಲ್ಲ" ಎಂದರಂತೆ. ವಾಸ್ತವವಾಗಿ ಈ ನಿಯಮವು ವಿದೇಶೀಯರಿಗೆ ಇಳಿದುಕೊಳ್ಳಲು ಸ್ಥಳ ಕೊಡುವ ಎಲ್ಲರಿಗೂ ಸಂಬಂಧಿಸಿದ್ದು. ವೀಸಾ ಯಾವ ವರ್ಗದ್ದಾದರೂ ಅತಿಥಿ ಪರದೇಶದ ಪ್ರಜೆಯಾದರೆ ವರದಿ ಕೊಡಬೇಕಾದದ್ದೇ. ಹಿಂದೆ 1946ರ ವಿದೇಶೀಯರ ಕಾಯಿದೆಯಲ್ಲಿ ಇದ್ದದ್ದು, 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಹೊಸ ಕಾಯಿದೆಯಲ್ಲೂ ಮುಂದುವರಿದಿದೆ. ಗಣಕಯಂತ್ರದಲ್ಲಿಯೇ ತುಂಬಿ ಕಳುಹಿಸಬಹುದು. ವಿದೇಶದ ಸೊಸೆಯನ್ನೋ ಅಳಿಯನನ್ನೋ ಬರಮಾಡಿಕೊಳ್ಳುವ ಮನೆಗಳು ಆರತಿಯ ತಟ್ಟೆಯ ಜೊತೆಗೆ ಇದನ್ನೂ ಸಿದ್ಧಪಡಿಸಿಕೊಳ್ಳುವುದು ಒಳ್ಳೆಯದು.

ಪೇದೆಯ ಮಾತು ಮಾತ್ರ ಅಮ್ಮನವರ ಮನಸ್ಸಿನಲ್ಲಿ ನಾಟಿತು. ಮನೆಗೆ ಬಂದ ಸೊಸೆ ಪ್ರವಾಸಿಯೇ? ನಮ್ಮನ್ನೂ ಕೇಳಿದರು. ನಾವು ನಮ್ಮ ಓದಿನ ಠೀವಿಯಲ್ಲಿ ಕೌಟಿಲ್ಯನ ಕಥೆ ಹೇಳಿದೆವು. ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯಿದ್ದಾನೆ. ಒಂದು ಮಾಷವನ್ನು ತೆಗೆದುಕೊಂಡು ಮುದ್ರೆ ಕೊಡುವುದು ಅವನ ಕೆಲಸ. ಮುದ್ರೆಯಿದ್ದವನು ಮಾತ್ರ ನಾಡಿನ ಒಳಗೆ ಬರಬಹುದು, ಹೊರಗೆ ಹೋಗಬಹುದು. ನಾಡಿನ ಪ್ರಜೆಯೇ ಮುದ್ರೆಯಿಲ್ಲದೆ ಸಿಕ್ಕಿದರೆ ಹನ್ನೆರಡು ಪಣ ದಂಡ. ಹೀಗೆ ಇದು ಪುರಾತನವಾದ ವ್ಯವಸ್ಥೆ, ಅಕ್ಷರಕ್ಕೆ ಮನಸ್ಸು ಕೊಡಬಾರದು, ಎಂದು ಸಮಾಧಾನ ಹೇಳಿದೆವು. ಈಗ ಯೋಚಿಸಿದರೆ ಅಕ್ಷರಕ್ಕೇ ಮನಸ್ಸು ಕೊಡಬೇಕಾಗಿತ್ತು ಎನಿಸುತ್ತದೆ. ಅಮ್ಮನವರು ಕೇಳಿದ ಪ್ರಶ್ನೆ ನಮ್ಮ ಉತ್ತರಕ್ಕಿಂತ ಬುದ್ಧಿವಂತಿಕೆಯದಾಗಿತ್ತು.

ಸೊಸೆ ಹಿಂದಿರುಗಿದ ಮೂರು ತಿಂಗಳೊಳಗೆ ಮಹಾಮಾರಿ ಬಂದಿತು. 2020ರ ಮಾರ್ಚ್ 13ರಿಂದ ವಿದೇಶೀಯರ ವೀಸಾಗಳೆಲ್ಲ, ಕೆಲವು ವರ್ಗಗಳನ್ನು ಬಿಟ್ಟು, ತಡೆಹಿಡಿಯಲ್ಪಟ್ಟವು. ಅದೇ ವರ್ಷ ದೀಪಾವಳಿಯ ಹೊತ್ತಿಗೆ ಗೌಡರ ಮೂತ್ರಪಿಂಡಗಳು ಸೋತವು. ಶಿವಮೊಗ್ಗೆಗೆ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗಿಬರುತ್ತಿದ್ದರು. ಇನ್ನು ಬಹಳ ದಿನ ಉಳಿಯುವುದಿಲ್ಲವೆಂಬುದು ಅವರಿಗೇ ತಿಳಿದಿತ್ತು. ಮಗನೂ ಸೊಸೆಯೂ ಒಟ್ಟಿಗೆ ಬಂದು ಎದುರಿಗೆ ಕುಳಿತು ಒಂದು ಊಟ ಮಾಡಬೇಕು ಎಂಬುದೊಂದೇ ಅವರ ಆಸೆ. ಮಗ ನಮಗೆ ಫೋನ್ ಮಾಡಿ, "ಚಿಕ್ಕಪ್ಪ, ಅವಳ ಹತ್ತಿರ ಐದು ವರ್ಷದ ವೀಸಾ ಇದೆ. ಬೇರೆಯದಕ್ಕೆ ಹಾಕಬೇಕೋ, ಇದೇ ತೆರೆಯುವವರೆಗೆ ಕಾಯಬೇಕೋ?" ಎಂದು ಕೇಳಿದನು. ನಾವು ಬಲ್ಲವರಂತೆ, "ಇನ್ನು ನಾಲ್ಕು ವರ್ಷ ಚಾಲ್ತಿಯಿರುವ ಮುದ್ರೆ ಕೈಯಲ್ಲಿರುವಾಗ ಗಾಬರಿಯೇಕೆ? ಒಂದು ತಿಂಗಳಲ್ಲಿ ತೆರೆಯುತ್ತಾರೆ, ಕಾಯಿರಿ" ಎಂದೆವು. ಪೇಟೆಯೊಂದರ ಏಜೆಂಟರೂ ಅದನ್ನೇ ಹೇಳಿದ್ದರಂತೆ. ಅವರು ಹೇಳಿದ್ದು ಅವರ ವ್ಯವಹಾರ. ನಾವು ಹೇಳಿದ್ದು ಹಿರಿಯರೆಂಬ ಸ್ಥಾನದಿಂದ. ಹುಡುಗರು ನಮ್ಮ ಮಾತನ್ನು ನಂಬಿದರು.

ನಿಜ ಸಂಗತಿ ಬೇರೆಯಾಗಿತ್ತು. 2020ರ ಅಕ್ಟೋಬರ್ 22ರಂದೇ ಕೇಂದ್ರ ಸರ್ಕಾರ ಬಾಗಿಲನ್ನು ಬಹುಮಟ್ಟಿಗೆ ತೆರೆದಿತ್ತು. ಸಾಗರೋತ್ತರ ಭಾರತೀಯ ನಾಗರಿಕರ ಕಾರ್ಡು ಉಳ್ಳವರು ಬರಬಹುದು. ಇತರ ವಿದೇಶೀಯರೂ ಯಾವ ಉದ್ದೇಶಕ್ಕಾದರೂ ಬರಬಹುದು, ಪ್ರವಾಸವೊಂದನ್ನು ಬಿಟ್ಟು. ಇ-ವೀಸಾ, ಟೂರಿಸ್ಟ್ ವೀಸಾ, ವೈದ್ಯಕೀಯ ವೀಸಾಗಳನ್ನುಳಿದು ಹಳೆಯ ವೀಸಾಗಳಿಗೆ ಕೂಡಲೇ ಜೀವ ಬಂದಿತ್ತು. ಎಂದರೆ, ಆಗ ಸೊಸೆಯ ಕೈಯಲ್ಲಿ ಎಂಟ್ರಿ ವೀಸಾ ಇದ್ದಿದ್ದರೆ ಅವಳು ಗಂಡನ ಜೊತೆಯಲ್ಲಿಯೇ ವಿಮಾನ ಹತ್ತಬಹುದಾಗಿತ್ತು. ಇಲ್ಲದಿದ್ದರೂ ಹೊಸದಾಗಿ ಅರ್ಜಿ ಹಾಕಲು ಮಾರ್ಗವಿತ್ತು. ಐದು ವರ್ಷದ ಆ ಟೂರಿಸ್ಟ್ ವೀಸಾ ಮಾತ್ರ ಒಣಗಿದ ಹಾಳೆಯಂತೆ ನಿರುಪಯುಕ್ತವಾಗಿತ್ತು. ಸರ್ಕಾರದ ದೃಷ್ಟಿಯಲ್ಲಿ ಪ್ರವಾಸಿ ಮನೆಯಲ್ಲಿದ್ದರೂ ನಡೆಯುತ್ತದೆ, ಕುಟುಂಬದವರು ಬರಬೇಕು. ಇವಳು ಕುಟುಂಬದವಳೇ, ಆದರೆ ಅವಳ ಕಾಗದ ಹಾಗೆ ಹೇಳುತ್ತಿರಲಿಲ್ಲ.

ಮಗನಿಗೆ ಇದು ತಿಳಿದದ್ದು ಡಿಸೆಂಬರಿನಲ್ಲಿ. ಆಗ ಮದುವೆಯ ಪತ್ರ ಹುಡುಕಿದರು. ಅದರಲ್ಲಿ ಅವನ ಹೆಸರಿನ ಮೊದಲಕ್ಷರಗಳು ಮಾತ್ರ ಇದ್ದವು. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೂ ಮನೆತನದ ಹೆಸರೂ ಬಿಡಿಸಿ ಬರೆದಿದ್ದವು. ನಮ್ಮವರ ಹೆಸರಿನ ಈ ತೊಡಕು ಎಲ್ಲ ವಾಚಕರಿಗೂ ಪರಿಚಿತವಾದದ್ದೇ. ಊರಿನಲ್ಲಿ ಟಿ. ಎಂದರೂ ಎಸ್. ಎಂದರೂ ಯಾರ ಮಗನೆಂದು ಎಲ್ಲರಿಗೂ ಗೊತ್ತು. ಕಡಲಾಚೆಯ ಗುಮಾಸ್ತನಿಗೆ ಅದು ಇಬ್ಬರು ಬೇರೆ ಬೇರೆ ಮನುಷ್ಯರು. ಪತ್ರ ತಿದ್ದಿಸಬೇಕು, ತಿದ್ದಿಸಿದ ಮೇಲೆ ಅಲ್ಲಿಯ ರಾಜ್ಯ ಸರ್ಕಾರದಿಂದ ಅಪೋಸ್ಟಿಲ್ ಎಂಬ ದೃಢೀಕರಣದ ಮುದ್ರೆ ಹಾಕಿಸಬೇಕು. ಕಚೇರಿಗಳೆಲ್ಲ ಅರೆಬಾಗಿಲು ತೆರೆದು ನಡೆಯುತ್ತಿದ್ದ ಕಾಲ, ಅಂಚೆಯೂ ತಡ. ಅವಳು ಕಾಗದಗಳಿಗಾಗಿ ಅಲ್ಲಿಯೇ ಉಳಿದಳು, ಮಗನೊಬ್ಬನೇ ಜನವರಿಯ ಮೊದಲ ವಾರ ಬಂದನು. ಗೌಡರು ಅವನನ್ನು ಕಂಡು, ಬಾಗಿಲ ಕಡೆಗೆ ಇನ್ನೊಮ್ಮೆ ನೋಡಿದರಂತೆ.

ಆ ದಿನ ನಾವೂ ಇದ್ದೆವು. ಸಮಾಧಿ ಕ್ರಿಯೆ ನಡೆಯುತ್ತಿದ್ದಾಗ ಮಗನ ಸೋದರಮಾವನ ಮಗ ಮೊಬೈಲನ್ನು ಎತ್ತಿ ಹಿಡಿದಿದ್ದನು. ಅದರ ಪರದೆಯಲ್ಲಿ ಸೊಸೆಯ ಮುಖ. ಅಲ್ಲಿ ಮಧ್ಯರಾತ್ರಿ. ತೋಟದಲ್ಲಿ ಸಿಗ್ನಲ್ ನಿಲ್ಲದೆ ಆ ಮುಖ ಆಗಾಗ ಕಲ್ಲಿನಂತೆ ಸ್ತಬ್ಧವಾಗುತ್ತಿತ್ತು. ತಿದ್ದಿದ ಮದುವೆಯ ಪತ್ರ ಅವಳ ಕೈಸೇರಿದ್ದು ಫೆಬ್ರವರಿಯಲ್ಲಿ.

2022ರ ಮಾರ್ಚ್ 16ರಂದು ಐದು ವರ್ಷದ ಇ-ಟೂರಿಸ್ಟ್ ವೀಸಾಗಳನ್ನು ಸರ್ಕಾರ ಪುನಃ ಊರ್ಜಿತಗೊಳಿಸಿತು. ಅದೇ ಹಳೆಯ ವೀಸಾದಲ್ಲಿ ಸೊಸೆ ಬಂದು ತೋಟದ ಅಂಚಿನಲ್ಲಿರುವ ಸಮಾಧಿಗೆ ಹೂವಿಟ್ಟಳು. ಆಮೇಲೆ ದಂಪತಿಗಳು ತಡಮಾಡಲಿಲ್ಲ. ಮಗ ಪೌರತ್ವದ ಕಾಯಿದೆಯನ್ನೇ ಓದಿಕೊಂಡನು. ಅವನ ಹಿಂದೆ ನಾವೂ ಓದಿಕೊಂಡೆವು. ವೃದ್ಧಾಪ್ಯದಲ್ಲಿ ವ್ಯಾಕರಣ ಬಿಟ್ಟು ಕಾಯಿದೆ ಓದುವ ಪ್ರಸಂಗ ಬಂದಿತು.

ತಿಳಿದುಕೊಂಡ ಕೆಲವನ್ನು ಇಲ್ಲಿ ಹೇಳುವುದು ಅಗತ್ಯ. ನಮ್ಮ ಸಮಾಜದ ಮನೆಗಳಲ್ಲಿ ಇಂಥ ಮದುವೆಗಳು ಈಗ ಅಪರೂಪವಲ್ಲ. ಭಾರತೀಯ ಪ್ರಜೆಯನ್ನು ಮದುವೆಯಾದ ವಿದೇಶೀಯರು, ಮದುವೆ ನೋಂದಣಿಯಾಗಿ ಅದು ಎಡೆಬಿಡದೆ ಎರಡು ವರ್ಷ ನಡೆದಿದ್ದರೆ, ಸಾಗರೋತ್ತರ ಭಾರತೀಯ ನಾಗರಿಕರೆಂಬ ಕಾರ್ಡಿಗೆ ಅರ್ಜಿ ಹಾಕಬಹುದು. ಓ.ಸಿ.ಐ. ಎಂದು ಜನ ಕರೆಯುವುದು ಇದನ್ನೇ. ಇದಕ್ಕೆ ಭದ್ರತಾ ಪರಿಶೀಲನೆ ನಡೆಯುತ್ತದೆ. ಪಾಕಿಸ್ತಾನ, ಬಾಂಗ್ಲಾದೇಶಗಳ ಪೌರತ್ವದ ಹಿನ್ನೆಲೆಯುಳ್ಳವರಿಗೆ ಇದು ದೊರೆಯದು. ಕಾರ್ಡು ಸಿಕ್ಕಿದರೆ ಬರಹೋಗುವುದಕ್ಕೆ ವೀಸಾ ಬೇಕಿಲ್ಲ. ಆದರೆ ಹೆಸರಿನಲ್ಲಿ ನಾಗರಿಕ ಎಂದಿದ್ದರೂ ಇದು ಪೌರತ್ವವಲ್ಲ. ಮತ ಹಾಕುವಂತಿಲ್ಲ, ಕೃಷಿ ಭೂಮಿಯನ್ನಾಗಲಿ ತೋಟವನ್ನಾಗಲಿ ಕೊಳ್ಳುವಂತಿಲ್ಲ. ಅಡಿಕೆಯವರು ಇದನ್ನು ಗಮನದಲ್ಲಿಡಬೇಕು. ಮದುವೆ ಮುರಿದರೆ ಆ ಕಾರ್ಡೂ ರದ್ದಾಗಬಹುದು. ಪೂರ್ಣ ಪೌರತ್ವ ಬೇಕಾದರೆ ಏಳು ವರ್ಷ ಭಾರತದಲ್ಲಿ ವಾಸವಾಗಿರಬೇಕು, ಹುಟ್ಟಿದ ದೇಶದ ಪೌರತ್ವವನ್ನು ಬಿಡಬೇಕು. ಎರಡು ದೋಣಿಯಲ್ಲಿ ಕಾಲಿಡಲು ನಮ್ಮ ಸಂವಿಧಾನ ಒಪ್ಪುವುದಿಲ್ಲ.

ಇನ್ನೊಂದು ಸೂಕ್ಷ್ಮವನ್ನು ಬಹಳ ಜನ ಅರಿಯರು. ಟೂರಿಸ್ಟ್ ವೀಸಾದಲ್ಲಿ ಬಂದು ಇಲ್ಲಿ ಕುಳಿತು ಆ ಕಾರ್ಡಿಗೆ ಅರ್ಜಿ ಹಾಕಲು ಬರುವುದಿಲ್ಲ. ಟೂರಿಸ್ಟ್, ಮಿಷನರಿ, ಪರ್ವತಾರೋಹಣದ ವೀಸಾ ಉಳ್ಳವರನ್ನು ನಿಯಮವೇ ಹೊರಗಿಟ್ಟಿದೆ. ಅವರು ತಮ್ಮ ದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಯ ಮೂಲಕವೇ ಅರ್ಜಿ ಕಳುಹಿಸಬೇಕು. ಎಂಟ್ರಿ ವೀಸಾದಲ್ಲಿ ಬಂದು 180 ದಿನಕ್ಕಿಂತ ಹೆಚ್ಚು ನಿಲ್ಲುವವರು ವಿದೇಶೀಯರ ನೋಂದಣಿ ಕಚೇರಿಯಲ್ಲಿ ಹೆಸರು ಬರೆಸಬೇಕು. 2018ರಿಂದ ಇದನ್ನು ಮನೆಯಿಂದಲೇ ಗಣಕಯಂತ್ರದ ಮೂಲಕ ಮಾಡಬಹುದಾಗಿದೆ. ಈ ಎಲ್ಲ ದಾರಿಗಳ ಬೀಗದ ಕೈ ಒಂದೇ: ಹೆಸರುಗಳು ಅಕ್ಷರಶಃ ಹೊಂದುವ, ದೃಢೀಕರಣದ ಮುದ್ರೆಯುಳ್ಳ ಮದುವೆಯ ಪತ್ರ. ಟೂರಿಸ್ಟ್ ವೀಸಾ ಅದನ್ನು ಕೇಳುವುದಿಲ್ಲ. ಅದು ಅದರ ಸೌಕರ್ಯವೂ ಹೌದು, ಮೋಸವೂ ಹೌದು. ಕೇಳದೆ ಇರುವುದರಿಂದ ನಮ್ಮವರು ಅದನ್ನು ಸಿದ್ಧಪಡಿಸುವುದೇ ಇಲ್ಲ.

ಸೊಸೆಗೆ 2023ರಲ್ಲಿ ಕಾರ್ಡು ಬಂದಿತು. ನಾವು ಕಾರ್ತಿಕದಲ್ಲಿ ಹೋದಾಗ ಅವಳು ಅಂಗಳದಲ್ಲಿದ್ದಳು. ಅಡಿಕೆಯ ಮೊದಲ ಕೊಯ್ಲು. ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು. ಚೊಗರಿನ ಒಗರು ವಾಸನೆ ಊರಿನ ಗಡಿಯಿಂದಲೇ ಮೂಗಿಗೆ ಬಡಿದಿತ್ತು. ಸುಲಿಯುವ ಹೆಂಗಸರ ಸಾಲಿನಲ್ಲಿ ಅವಳೂ ಮೆಟ್ಟುಗತ್ತಿಯ ಮುಂದೆ ಕುಳಿತಿದ್ದಳು. ಅವಳ ಕೈ ನಿಧಾನ. ಪಕ್ಕದವಳು ಹತ್ತು ಸುಲಿದರೆ ಇವಳದು ಎರಡು. ನಮ್ಮನ್ನು ಕಂಡು ಎದ್ದು ಬಂದು, "ಶರಣು, ಚಿಕ್ಕ ಮಾವ" ಎಂದಳು. ಯಾರು ಕಲಿಸಿದರೋ, ನಂಟಿನ ಪದ ಸರಿಯಾಗಿಯೇ ಇತ್ತು.

ಮರುದಿನ ಎಲ್ಲರೂ ಕೂಡಿ ಆನಂದಪುರದ ಮೇಲೆ ಸಾಗರಕ್ಕೆ, ಅಲ್ಲಿಂದ ಇಕ್ಕೇರಿಗೆ ಹೋದೆವು. ಸಾಗರದಿಂದ ಸುಮಾರು 6 ಕಿಲೋಮೀಟರು. ಕೆಳದಿಯ ಅರಸರ ರಾಜಧಾನಿಯಾಗಿದ್ದ ಪಟ್ಟಣದಲ್ಲಿ ಇಂದು ಉಳಿದಿರುವುದು ಅಘೋರೇಶ್ವರನ ಗುಡಿ, ಅದರ ಮುಂದಿನ ನಂದಿಮಂಟಪ, ಸುತ್ತ ಹುಲ್ಲು. ಗುಡಿಯ ನೆಲಹಾಸಿನಲ್ಲಿ ಸಾಷ್ಟಾಂಗ ಮಲಗಿದ ನಾಯಕರ ರೂಪಗಳನ್ನು ಕೊರೆದಿದ್ದಾರೆ. ಭಕ್ತರ ಪಾದಧೂಳಿ ತಮ್ಮ ಮೇಲೆ ಬೀಳಲೆಂದು. ಈ ವಂಶದವರಿಗೆ ಹೊರಗಿನವರ ಭಯವಿರಲಿಲ್ಲ. ಇದೇ ವಂಶದ ರಾಣಿ ಚೆನ್ನಮ್ಮಾಜಿಯು 1689ರಲ್ಲಿ ಶಿವಾಜಿಯ ಮಗ ರಾಜಾರಾಮನು ವೇಷ ಮರೆಸಿಕೊಂಡು ಬಂದಾಗ ಆಶ್ರಯವಿತ್ತು ದಾಟಿಸಿದಳು. ಔರಂಗಜೇಬನ ಸೈನ್ಯ ಬೆನ್ನಟ್ಟಿ ಬಂದರೂ ಅಂಜಲಿಲ್ಲ.

ಇಕ್ಕೇರಿಗೆ ಹೋದವರೆಲ್ಲರಿಗೂ ನಾವು ತಪ್ಪದೆ ಹೇಳುವ ಕಥೆಯೊಂದುಂಟು. 1623ರ ನವೆಂಬರಿನಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಯಾತ್ರಿಕನು ಗೋವೆಯ ಪೋರ್ಚುಗೀಸರ ದೂತನ ಜೊತೆಗೂಡಿ ಹೊನ್ನಾವರದಲ್ಲಿ ಇಳಿದು, ಗೇರುಸೊಪ್ಪೆಯ ಮೇಲೆ ಘಟ್ಟವನ್ನು ಹತ್ತಿ ಇಲ್ಲಿಗೆ ಬಂದನು. ಆಗ ವೆಂಕಟಪ್ಪ ನಾಯಕರ ಆಳ್ವಿಕೆ. ದಾರಿಯಲ್ಲಿ ಮಕ್ಕಳು ನೆಲದ ಮೇಲೆ ಮರಳು ಹರಡಿಕೊಂಡು ಬೆರಳಿನಿಂದ ಬರೆದು ಹಾಡುತ್ತಾ ಲೆಕ್ಕ ಕಲಿಯುತ್ತಿದ್ದುದನ್ನೂ, ಇಕ್ಕೇರಿಯ ಬೀದಿಯಲ್ಲಿ ಜಂಗಮರ ಮೆರವಣಿಗೆಯನ್ನೂ ಆತನು ತನ್ನ ಪತ್ರಗಳಲ್ಲಿ ಬಣ್ಣಿಸಿದ್ದಾನೆ. ನಾವು ಇಷ್ಟನ್ನು ಹೇಳಿ ಮುಗಿಸಿದೆವು. ಸೊಸೆ ಕೇಳುತ್ತಿದ್ದವಳು, ಮಗನ ಮೂಲಕ, "ಅವನ ಹೆಂಡತಿಯ ಕಥೆಯನ್ನು ಇವರೇಕೆ ಹೇಳಲಿಲ್ಲ?" ಎಂದು ಕೇಳಿದಳು.

ನಮಗೆ ಅದು ತಿಳಿದಿರಲಿಲ್ಲ. ವೆಂಕಟಪ್ಪ ನಾಯಕರಿಗೆ ಸಂಬಂಧಿಸಿದ ಪುಟಗಳನ್ನಷ್ಟೇ ನಾವು ಓದಿದ್ದೆವು. ಅವಳು ಇಂಗ್ಲಿಷಿನಲ್ಲಿ ಪೂರ್ತಿ ಓದಿದ್ದಳು. ನಂದಿಮಂಟಪದ ಕಟ್ಟೆಯ ಮೇಲೆ ಕುಳಿತು ಹೇಳಿದಳು. ದೆಲ್ಲಾ ವಾಲ್ಲೆಯು ಬಾಗ್ದಾದಿನಲ್ಲಿ ಮಾನಿ ಎಂಬ ಆ ನಾಡಿನ ಕ್ರೈಸ್ತ ಕನ್ಯೆಯನ್ನು ಮದುವೆಯಾದನು. ಪರ್ಷಿಯದಲ್ಲಿ ಅವನೊಡನೆ ಸುತ್ತಿದ ಆ ಹೆಣ್ಣುಮಗಳು 1621ರ ಡಿಸೆಂಬರಿನಲ್ಲಿ ಹೋರ್ಮುಜಿನ ಬಳಿಯ ಮೀನಾಬಿನಲ್ಲಿ ಜ್ವರದಿಂದ ತೀರಿಕೊಂಡಳು. ಅವಳನ್ನು ರೋಮಿಗೆ, ತನ್ನ ಮನೆಗೆ, ಕರೆದೊಯ್ಯಬೇಕೆಂದು ಅವನು ಹಂಬಲಿಸಿದ್ದನು. ಆದುದರಿಂದ ಶವವನ್ನು ಕೆಡದಂತೆ ಲೇಪಿಸಿ ಪೆಟ್ಟಿಗೆಯಲ್ಲಿಟ್ಟು, ಹಡಗಿನವರು ಹೆಣವನ್ನು ಒಯ್ಯಲು ಒಪ್ಪರೆಂದು ಬಟ್ಟೆಬರೆಯ ನಡುವೆ ಮರೆಮಾಡಿ, ಹಿಂದೂಸ್ಥಾನಕ್ಕೂ ತಂದನು. ಸೂರತ್ತಿನ ಸುಂಕದ ಕಟ್ಟೆ, ಗೋವೆಯ ಕಟ್ಟೆ, ಮತ್ತೆ ಮರುಭೂಮಿಯ ದಾರಿ; ಎಲ್ಲವನ್ನೂ ದಾಟಿಸಿ 1626ರಲ್ಲಿ ರೋಮ್ ತಲುಪಿದನು. ತನ್ನ ವಂಶದವರ ಸಮಾಧಿಯಲ್ಲಿಯೇ ಅವಳನ್ನು ಇರಿಸಿದನು.

ಅಮ್ಮನವರು ಮಗನಿಂದ ಇದನ್ನು ಕನ್ನಡದಲ್ಲಿ ಕೇಳಿ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಸತ್ತ ಮೇಲಾದರೂ ಗಂಡನ ಮನೆ ಸೇರಿದಳಲ್ಲ, ಪುಣ್ಯವಂತೆ" ಎಂದರು. ಸೊಸೆಗೆ ಆ ಮಾತು ಎಷ್ಟು ಅರ್ಥವಾಯಿತೋ ತಿಳಿಯದು. ಅತ್ತೆಯ ಕೈಯನ್ನು ತೆಗೆದುಕೊಂಡು ತನ್ನ ತೊಡೆಯ ಮೇಲಿಟ್ಟುಕೊಂಡಳು. ನಾವು ಗುಡಿಯನ್ನು ಇನ್ನೊಂದು ಸುತ್ತು ಬರುವ ನೆಪದಿಂದ ಎದ್ದು ಹೋದೆವು.

ಸಂಜೆ ಮನೆಗೆ ಮರಳಿದ ಮೇಲೆ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಮಗ ಇನ್ನೊಂದು ಅರ್ಜಿಯನ್ನು ತೆಗೆದನು. ಈಗ ತಾಯಿಯ ಸರದಿ. ಮಗನೂ ಸೊಸೆಯೂ ಮೂರು ತಿಂಗಳು ಅವರನ್ನು ಅಮೆರಿಕಕ್ಕೆ ಕರೆದೊಯ್ಯಬೇಕೆಂದಿದ್ದಾರೆ. ಅಲ್ಲಿಯ ಸರ್ಕಾರದ ಕಣ್ಣಿನಲ್ಲಿ ಅಮ್ಮನವರೂ ಪ್ರವಾಸಿಯೇ. ಅಲ್ಲಿಯ ಕಾಯಿದೆ ಇನ್ನೂ ಕಠಿಣ. ವೀಸಾ ಕೇಳಿ ಬಂದವರೆಲ್ಲರೂ ಅಲ್ಲಿಯೇ ನೆಲಸಲು ಬಂದವರೆಂದು ಮೊದಲೇ ಭಾವಿಸಿ, ಹಾಗಲ್ಲವೆಂದು ತೋರಿಸಿಕೊಡುವ ಹೊರೆಯನ್ನು ಅರ್ಜಿದಾರರ ಮೇಲೆಯೇ ಹೊರಿಸಿದೆ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತಾದರೂ ವೀಸಾ ಕೆಲಸ ಆಗಲೇ ಆರಂಭವಾಗಲಿಲ್ಲ. ಇವರು ಸಂದರ್ಶನಕ್ಕೆ ಚೆನ್ನೈಯನ್ನು ಆರಿಸಿಕೊಂಡಿದ್ದಾರೆ. ಪಹಣಿ, ಬ್ಯಾಂಕಿನ ಪುಸ್ತಕ, ಅಡಿಕೆ ಮಾರಿದ ಚೀಟಿಗಳು ಎಲ್ಲವನ್ನೂ ಒಂದು ಕಡತದಲ್ಲಿ ಜೋಡಿಸಿ ಇಟ್ಟಿದ್ದರು. ಈ ಸಲ ಹೆಸರಿನ ಅಕ್ಷರಗಳನ್ನು ಸೊಸೆಯೇ ಒಂದೊಂದಾಗಿ ಬೆರಳಿಟ್ಟು ಹೊಂದಿಸಿ ನೋಡುತ್ತಿದ್ದಳು.

"ಶಾಸ್ತ್ರಿಗಳೇ, ವಾಪಸು ಬರುತ್ತೀರಿ ಎನ್ನುವುದಕ್ಕೆ ಏನು ಕಾರಣ ಅಂತ ಕೇಳುತ್ತಾರಂತೆ" ಎಂದರು ಅಮ್ಮನವರು. "ತೋಟ ಇದೆ ಎನ್ನಬೇಕಂತೆ. ತೋಟವನ್ನು ಬೇರೆಯವರೂ ನೋಡುತ್ತಾರೆ. ಅವರ ಸಮಾಧಿಗೆ ದಿನಾ ದೀಪ ಇಡುವವಳು ನಾನು. ಅದನ್ನು ಹೇಳಿದರೆ ಆ ಕಚೇರಿಯವರು ಒಪ್ಪುತ್ತಾರೆಯೇ?"

ಒಮ್ಮೆ ಬಲ್ಲವರಂತೆ ಉತ್ತರಿಸಿ ಕೆಟ್ಟಿದ್ದ ನಾವು ಈ ಸಲ ಏನನ್ನೂ ಹೇಳಲಿಲ್ಲ. ಸೊಸೆ ಗಂಡನಿಂದ ಅರ್ಥ ಕೇಳಿಕೊಂಡು, ಕಡತದ ಮೇಲಿನ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಏನನ್ನೋ ಬರೆದುಕೊಂಡಳು. ಅಷ್ಟರಲ್ಲಿ ಕತ್ತಲಾಯಿತು. ಅಮ್ಮನವರು ಎಣ್ಣೆಯ ಗಿಂಡಿ ತೆಗೆದುಕೊಂಡು ತೋಟದ ಕಡೆಗೆ ಹೊರಟರು. ಸೊಸೆ ಟಾರ್ಚು ಹಿಡಿದು ಮುಂದೆ ನಡೆದಳು.